ಹೋದ ವಾರ ಗೆದ್ದವರು ಯಾರು?

ತಲೆಗೆ ಪೆಟ್ಟು ಬಿದ್ದು ಕುಸಿದ ಆಟಗಾರನ ಹತ್ತಿರ ಓಡಿದವರು ಮೊದಲೆಲ್ಲ ಕೇಳುತ್ತಿದ್ದದ್ದು ಹೆಸರು, ತಾರೀಖು, ವಾರ. ನಮ್ಮ ಪಿ.ಟಿ. ಮೇಷ್ಟ್ರುಗಳಾದರೆ ಮುಖಕ್ಕೆ ನೀರು ಚಿಮುಕಿಸಿ, ಕೈಯನ್ನು ಕಣ್ಣೆದುರು ಹಿಡಿದು, ‘ಎಷ್ಟು ಬೆರಳೋ?’ ಅನ್ನುತ್ತಿದ್ದರು. ಹುಡುಗ ಮೂರು ಅಂದರೆ ಮುಗಿಯಿತು, ಮತ್ತೆ ಅಂಕಣಕ್ಕೆ. ಇಂಥ ಪ್ರಶ್ನೆಗಳಿಗೆ ಸಿಗುವ ಸರಿಯುತ್ತರವನ್ನು ನೆಚ್ಚಿಕೊಳ್ಳಬಾರದು ಎಂದು ತೋರಿಸಿಕೊಟ್ಟವರು ಮೆಲ್ಬರ್ನಿನ ನ್ಯೂರೊಸೈಕಾಲಜಿಸ್ಟ್ (ಮಿದುಳಿನ ಕೆಲಸವನ್ನು ಪರೀಕ್ಷೆಗಳಿಂದ ಅಳೆಯುವ ಮನಶ್ಶಾಸ್ತ್ರಜ್ಞ) ಡೇವಿಡ್ ಮ್ಯಾಡಕ್ಸ್.

ಮೆಲ್ಬರ್ನಿನ ಜನಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂದರೆ ಪ್ರಾಣ. ಹೆಲ್ಮೆಟ್ ಇಲ್ಲದೆ, ಚೆಂಡಿಗಾಗಿ ಒಬ್ಬರ ಭುಜದ ಮೇಲೊಬ್ಬರು ಹಾರುವ ಆಟ ಅದು. ಮ್ಯಾಡಕ್ಸ್ ಮತ್ತು ಸಹೋದ್ಯೋಗಿಗಳಾದ ಗಾರ್ತ್ ಡಿಕರ್, ಮೈಕೆಲ್ ಸಾಲಿಂಗ್ ಇದೇ ಆಟದಲ್ಲಿ ಕನ್‌ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಮಂಕಾಗುವುದು, ಆದವರನ್ನೂ ಆಗದವರನ್ನೂ ಕೇಳಿ, ಉತ್ತರಗಳನ್ನು ಹೋಲಿಸಿ 1995ರಲ್ಲಿ ಪ್ರಕಟಿಸಿದರು. ಹೆಸರು, ಹುಟ್ಟಿದ ದಿನದಂಥ ಪ್ರಶ್ನೆಗಳಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಾವೀಗ ಯಾವ ಮೈದಾನದಲ್ಲಿದ್ದೇವೆ, ಇದು ಎಷ್ಟನೇ ಕ್ವಾರ್ಟರ್, ಕೊನೆಯ ಗೋಲು ಯಾರದ್ದು, ಹೋದ ವಾರ ಯಾರ ಮೇಲೆ ಆಡಿದೆವು, ಗೆದ್ದೆವಾ? ಪೆಟ್ಟು ತಿಂದವರು ತಡವರಿಸಿದ್ದು ಇಲ್ಲಿ. ಸ್ವಂತ ಹೆಸರು ಹಳೆಯ ನೆನಪು, ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಹತ್ತು ನಿಮಿಷದ ಹಿಂದಿನ ಗೋಲು ಇನ್ನೂ ನೆಲೆ ನಿಲ್ಲದ ನೆನಪು.

ಈ ಐದು ಪ್ರಶ್ನೆಗಳು ಈಗ ಮ್ಯಾಡಕ್ಸ್ ಅವರ ಹೆಸರಿನಲ್ಲೇ ಪ್ರಸಿದ್ಧ. ಜಗತ್ತಿನ ಎಲ್ಲೆಡೆ ತಂಡದ ವೈದ್ಯರು ಬಳಸುವ ಸ್ಕ್ಯಾಟ್ ಎಂಬ ತಪಾಸಣಾ ಪಟ್ಟಿಯಲ್ಲೂ ಸೇರಿವೆ. ಉಪಕರಣ ಬೇಡ, ಖರ್ಚಿಲ್ಲ. ಒಂದೇ ಷರತ್ತು: ಕೇಳುವವರಿಗೆ ಉತ್ತರ ಗೊತ್ತಿರಬೇಕು. ಮೊಬೈಲ್ ನೋಡುತ್ತ ಕೂತ ಮ್ಯಾನೇಜರಿಗೆ ಇದು ಆಗದ ಕೆಲಸ.

ಇಷ್ಟಕ್ಕೆ ಮನಶ್ಶಾಸ್ತ್ರ ಓದಿದವರೇ ಯಾಕೆ ಬೇಕು, ಸ್ಕ್ಯಾನ್ ಮಾಡಿಸಿದರೆ ಆಗದೇ ಅನ್ನಬಹುದು. ಕನ್‌ಕಷನ್ ಆದವರ ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಸ್ವಚ್ಛವಾಗಿಯೇ ಬರುತ್ತದೆ. ರಕ್ತ ಸೋರಿರುವುದಿಲ್ಲ, ಮೂಳೆ ಮುರಿದಿರುವುದಿಲ್ಲ. ಕೆಟ್ಟಿರುವುದು ಜೀವಕೋಶದ ಒಳಗಿನ ಲೆಕ್ಕ: ಪೊಟ್ಯಾಸಿಯಂ ಹೊರಗೆ ಹರಿದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾದ ಹೊತ್ತಿಗೇ ರಕ್ತದ ಹರಿವು ತಗ್ಗಿರುತ್ತದೆ. ಪ್ರಜ್ಞೆ ತಪ್ಪುವುದು ಹತ್ತರಲ್ಲಿ ಒಬ್ಬರಿಗೂ ಇಲ್ಲ. ಹಾಗಾಗಿ ಗಾಯದ ಗುರುತನ್ನು ಮಿದುಳು ಮಾಡುವ ಕೆಲಸದಲ್ಲೇ ಹುಡುಕಬೇಕು.

ಆ ಹುಡುಕಾಟಕ್ಕೆ ಅಡಿಪಾಯ ಹಾಕಿದ್ದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ರಿ ಬಾರ್ತ್. 1980ರ ದಶಕದಲ್ಲಿ ಅವರ ತಂಡ ಹತ್ತು ವಿಶ್ವವಿದ್ಯಾಲಯಗಳ ಸುಮಾರು 2,350 ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಋತು ಶುರುವಾಗುವ ಮೊದಲೇ ಪರೀಕ್ಷೆಗೆ ಕೂರಿಸಿತು. ಒಂದು ಪರೀಕ್ಷೆಯಲ್ಲಿ ಎರಡು-ಮೂರು ಸೆಕೆಂಡಿಗೊಂದರಂತೆ ಅಂಕಿ ಕೇಳಿಸುತ್ತದೆ. ಪ್ರತಿ ಅಂಕಿಯನ್ನು ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಮೂರು, ಐದು ಅಂದರೆ ಎಂಟು. ಮುಂದೆ ಎರಡು ಬಂದರೆ ಹತ್ತಲ್ಲ, ಏಳು. ಓದುಗರು ಮನೆಯಲ್ಲಿ ಯಾರಿಂದಲಾದರೂ ಅಂಕಿ ಓದಿಸಿ ನೋಡಬಹುದು, ಪೆಟ್ಟೇ ಬೀಳದ ತಲೆಯೂ ಬೆವರುತ್ತದೆ. ಆಟದಲ್ಲಿ ಪೆಟ್ಟು ಬಿದ್ದವರನ್ನು ಒಂದು ದಿನ, ಐದು ದಿನ, ಹತ್ತು ದಿನ ಬಿಟ್ಟು ಮತ್ತೆ ಕೂರಿಸಿದರು. ಹೆಚ್ಚಿನವರು ಹತ್ತು ದಿನದೊಳಗೆ ಸುಧಾರಿಸಿದ್ದರು. ಇದು 1989ರಲ್ಲಿ ಪ್ರಕಟವಾಯಿತು. ಚುರುಕು ತಲೆಯವನು ಪೆಟ್ಟಿನಿಂದ ಮಂಕಾದರೂ ಊರವರ ಸರಾಸರಿಗೆ ಸಮನಾಗಿ ಕಾಣಬಹುದು. ಆದ್ದರಿಂದ ಅವನನ್ನು ಅವನ ನಿನ್ನೆಯ ಜೊತೆಗೇ ಹೋಲಿಸಬೇಕು. ಇದಕ್ಕೇ ಬೇಸ್‌ಲೈನ್ ಎನ್ನುತ್ತಾರೆ.

ಅದೇ ಅಮೆರಿಕನ್ ಫುಟ್‌ಬಾಲಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಕಥೆಯೊಂದು ಈ ವಲಯದಲ್ಲಿ ಎಲ್ಲರ ಬಾಯಲ್ಲಿದೆ. ಆಟಗಾರನನ್ನು ಇಳಿಸಬೇಡಿ ಎಂದ ನರಶಸ್ತ್ರಜ್ಞ ಜೋಸೆಫ್ ಮರೂನ್ ಅವರನ್ನು ಕೋಚ್ ಚಕ್ ನೋಲ್ ಪುರಾವೆ ಎಲ್ಲಿ ಎಂದು ಕೇಳಿದರಂತೆ. ಮರೂನ್ ನ್ಯೂರೊಸೈಕಾಲಜಿಸ್ಟ್ ಮಾರ್ಕ್ ಲೋವೆಲ್ ಅವರ ಜೊತೆ ಸೇರಿ ತಂಡದವರಿಗೆ ಬೇಸ್‌ಲೈನ್ ಪರೀಕ್ಷೆ ಶುರುಮಾಡಿದರು. ಮುಂದೆ ಅದು ಕಂಪ್ಯೂಟರಿಗೂ ಬಂತು. ಆಟಗಾರರೇನು ಕಡಿಮೆಯೇ? ಪೆಟ್ಟು ಬಿದ್ದಾಗ ಅಂತರ ಗೊತ್ತಾಗದಿರಲಿ ಎಂದು ಮೊದಲ ಪರೀಕ್ಷೆಯಲ್ಲೇ ಬೇಕೆಂದು ತಪ್ಪು ಮಾಡುವವರಿದ್ದಾರೆ. ಅವರನ್ನು ಹಿಡಿಯುವುದೂ ಈ ಉದ್ಯೋಗದ ಪಾಲಿಗೇ ಬಂದ ಕೆಲಸ.

ಕ್ರಿಕೆಟ್ ಬಲ್ಲವರಿಗೆ 2019ರ ಲಾರ್ಡ್ಸ್ ಟೆಸ್ಟ್ ನೆನಪಿರುತ್ತದೆ. ಜೋಫ್ರಾ ಆರ್ಚರ್ ಅವರ ಗಂಟೆಗೆ 148 ಕಿ.ಮೀ. ವೇಗದ ಚೆಂಡು ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಪರೀಕ್ಷೆ ಮಾಡಿದರು, ಪಾಸಾದರು, ಮತ್ತೆ ಬಂದು ಆಡಿ 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು. ಅವರ ಬದಲಿಗೆ ಇಳಿದ ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್‌ಕಷನ್ ಬದಲಿ ಆಟಗಾರ. ಇಂಥ ಬದಲಿಗೆ ಅವಕಾಶ ಕೊಟ್ಟ ಹೊಸ ನಿಯಮ ಜಾರಿಗೆ ಬಂದದ್ದು ಅದೇ ಆಗಸ್ಟಿನಲ್ಲಿ. ಮೈದಾನದ ಅಂಚಿನಲ್ಲಿ ನಿಂತು ಮಾಡುವ ಪರೀಕ್ಷೆ ಒಂದು ಸಲಕ್ಕೆ ಮುಗಿಯುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಿಕಿತ್ಸೆಯೂ ಬದಲಾಗಿದೆ. ಮೊದಲು ಕತ್ತಲ ಕೋಣೆಯಲ್ಲಿ ಮಲಗಿಸುತ್ತಿದ್ದರು. 2022ರ ಆಮ್‌ಸ್ಟರ್‌ಡ್ಯಾಂ ಸಮ್ಮೇಳನದ ಒಮ್ಮತದಂತೆ ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಡಿಗೆ, ನಂತರ ಮೆಟ್ಟಿಲು ಮೆಟ್ಟಿಲಾಗಿ ಆಟ; ವಿದ್ಯಾರ್ಥಿಗಳು ಪೂರ್ತಿ ಪಾಠಕ್ಕೆ ಮರಳಿದ ಮೇಲೆಯೇ ಪೂರ್ತಿ ಆಟ. ನಿದ್ದೆ ಕೆಟ್ಟವರು, ಸಿಡುಕುವವರು, ಚೆಂಡು ಕಂಡರೆ ಬೆದರುವವರ ಜೊತೆ ತಿಂಗಳುಗಟ್ಟಲೆ ಕೂರುವುದೂ ನ್ಯೂರೊಸೈಕಾಲಜಿಸ್ಟರೇ. ಎಲ್ಲರೂ ಮರಳುವುದಿಲ್ಲ. ಮೆಲ್ಬರ್ನಿನವರೇ ಆದ ಕ್ರಿಕೆಟಿಗ ವಿಲ್ ಪುಕೋವ್‌ಸ್ಕಿ ಪದೇ ಪದೇ ತಲೆಗೆ ಪೆಟ್ಟು ತಿಂದು, 2025ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೇ ಬ್ಯಾಟು ಕೆಳಗಿಟ್ಟರು. ಆಡಿದ್ದು ಒಂದೇ ಟೆಸ್ಟ್.

ನಮ್ಮಲ್ಲಿ ಧೈರ್ಯದ ಚಿತ್ರ ಬೇರೆ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಅನಿಲ್ ಕುಂಬ್ಳೆ ಲಾರಾ ವಿಕೆಟ್ ತೆಗೆದದ್ದನ್ನು ಯಾವ ಕನ್ನಡಿಗ ಮರೆತಾನು? ನಾನೂ ಮರೆಯಲಾರೆ. ಆದರೆ ದವಡೆ ನೋವು ತೋರಿಸುತ್ತದೆ, ನುಂಗಿಕೊಳ್ಳಬಹುದು. ಮಿದುಳಿಗೆ ತಾನು ಮಂಕಾದದ್ದೇ ಎಷ್ಟೋ ಸಲ ತಿಳಿಯುವುದಿಲ್ಲ.

ಹಾಗೆಂದು ನಾವು ಬರಿಗೈಯವರಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಅವರು 2004ರಲ್ಲಿ ಭಾರತೀಯರ ವಯಸ್ಸು, ಓದಿಗೆ ತಕ್ಕ ಮಾನದಂಡಗಳಿರುವ ಪರೀಕ್ಷೆಗಳ ಗುಚ್ಛವನ್ನು ಹೊರತಂದರು. ಅದರಲ್ಲೊಂದರಲ್ಲಿ ಎರಡು ಬಣ್ಣದ ವೃತ್ತಗಳೊಳಗಿನ ಅಂಕಿಗಳನ್ನು ಬಣ್ಣ ಬದಲಿಸುತ್ತ ಗೆರೆಯೆಳೆದು ಕೂಡಿಸಬೇಕು. ಎ, ಬಿ, ಸಿ ಬಾರದವರೂ ಮಾಡಬಹುದು. ಬೇಕಾದದ್ದು ಹಾಳೆ, ಪೆನ್ಸಿಲ್, ಸ್ಟಾಪ್‌ವಾಚ್. ಮಾಡಿಸುವವರೂ ದೂರವಿಲ್ಲ. ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದರ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಶಾಲಾ ಕಬಡ್ಡಿ ತಂಡಕ್ಕೆ ಆಯ್ಕೆಯಾದ ಮಕ್ಕಳನ್ನು ಒಂದು ಬೆಳಿಗ್ಗೆ ಅವರೆದುರು ಕೂರಿಸಿದರೆ ಸಾಕು, ಬೇಸ್‌ಲೈನ್ ಸಿದ್ಧ. ಸದ್ಯಕ್ಕೆ ಆ ಮಕ್ಕಳ ತೂಕ, ಜನ್ಮ ದಿನಾಂಕ ಬರೆದುಕೊಂಡು ಅಂಕಣಕ್ಕೆ ಇಳಿಸುತ್ತಿದ್ದೇವೆ.