ದೋಣಿ ಮೋಟಾರಿನ ಬಡಿತ: ಸದ್ದಿನ ಜಾಡು ಹಿಡಿಯುವ ಕಸುಬು

ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸಿ, ಎರಡು ತಿರುಪುಗಳಿಂದ ಬಿಗಿಯುವ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರ್ ಎಂದು ಹೆಸರು. ಎಂಜಿನ್, ಗೇರು, ಪ್ರೊಪೆಲರ್, ಚುಕ್ಕಾಣಿ ಎಲ್ಲವೂ ಒಂದೇ ಕಂಬದಲ್ಲಿ ಅಡಕವಾಗಿರುವ ಈ ಯಂತ್ರ ಕೆಡುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡುತ್ತದೆ. ಆ ಸದ್ದುಗಳಲ್ಲೆಲ್ಲ ಹೆಚ್ಚು ಗಲಿಬಿಲಿ ಹುಟ್ಟಿಸುವುದು ‘ಟಕ್ ಟಕ್’ ಎನ್ನುವ ಬಡಿತ. ಅದು ಸಡಿಲಾದ ತಿರುಪಿನದೂ ಆಗಿರಬಹುದು, ಸವೆದು ಮುರಿಯಲು ಬಂದ ಬೇರಿಂಗಿನದೂ ಆಗಿರಬಹುದು. ಮೊದಲನೆಯದಕ್ಕೆ ಎರಡು ನಿಮಿಷದ ಕೆಲಸ ಸಾಕು. ಎರಡನೆಯದನ್ನು ಕಡೆಗಣಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ.

ಅಮೆರಿಕದ ಮಿಲ್ವಾಕಿಯ ಓಲೆ ಎವಿನ್‌ರೂಡ್ 1909ರ ಸುಮಾರಿಗೆ ಮಾರಾಟಕ್ಕೆ ತಂದ ಮೋಟಾರಿನಿಂದ ಈ ಯಂತ್ರ ವ್ಯಾಪಕ ಬಳಕೆಗೆ ಬಂತು. ಕರ್ನಾಟಕದ ಕರಾವಳಿಯಲ್ಲಿ ನಾಡದೋಣಿ ಮೀನುಗಾರರಿಗೆ ಇದು ದಿನನಿತ್ಯದ ಒಡನಾಡಿ. ಸಮುದ್ರವಿಲ್ಲದ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಮಾತ್ರ ಇದರ ಸದ್ದು ಹೆಚ್ಚಾಗಿ ಕೇಳುವುದು ಹೊಳೆ ಏರಿದಾಗ. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ಜಲಾಶಯವಿದೆ. ಸಂಕೇಶ್ವರದ ಮಗ್ಗುಲಲ್ಲಿ ಹಿರಣ್ಯಕೇಶಿ ಹರಿಯುತ್ತದೆ, ಗೋಕಾಕದ ಹತ್ತಿರ ಮಾರ್ಕಂಡೇಯ ಬಂದು ಕೂಡುತ್ತದೆ. ಮೂರೂ ಒಟ್ಟಿಗೆ ತುಂಬಿದರೆ ಲೋಳಸೂರ ಸೇತುವೆ ಮುಳುಗುತ್ತದೆ. ಮೂಡಲಗಿ ಕಡೆ ಸುಣಧೋಳಿ, ಅವರಾದಿಯ ಸೇತುವೆಗಳೂ ಅದೇ ದಾರಿ ಹಿಡಿಯುತ್ತವೆ. 2019ರ ಆಗಸ್ಟ್‌ನಲ್ಲಿ ನೀರು ಗೋಕಾಕ ಪೇಟೆಯೊಳಗೇ ನುಗ್ಗಿತ್ತು. ಅಂಥ ದಿನಗಳಲ್ಲಿ ರಕ್ಷಣಾ ಪಡೆಗಳು ತರುವ ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು ಓಡಿಸುವುದು ಈ ಮೋಟಾರುಗಳೇ.

ನೆರೆನೀರಿನಲ್ಲಿ ಓಡುವ ಮೋಟಾರಿನ ಪಾಡು ಕಡಲಿನಲ್ಲಿ ಓಡುವುದರ ಪಾಡಿನಂತಲ್ಲ. ಉಪ್ಪಿನ ಕಾಟ ಇಲ್ಲಿಲ್ಲ. ಆದರೆ ದೋಣಿ ಸಾಗುವುದು ಹೊಳೆಯ ಮೇಲಷ್ಟೇ ಅಲ್ಲ, ಮುಳುಗಿದ ಕಬ್ಬಿನ ಗದ್ದೆಗಳ ಮೇಲೂ ಹೌದು. ತೇಲುವ ರವದಿ, ಹನಿ ನೀರಾವರಿಯ ಪೈಪು, ಜಾಲಿ ಕಂಟಿ, ಬೇಲಿಯ ತಂತಿ, ನೀರೊಳಗೆ ಮರೆಯಾದ ಪಂಪ್‌ಸೆಟ್ಟಿನ ಕೊಳವೆ, ಎಲ್ಲವೂ ಪ್ರೊಪೆಲರಿಗೆ ಅಡ್ಡ ಬರುತ್ತವೆ. ಎರೆಮಣ್ಣಿನ ರಾಡಿ ತಂಪು ನೀರಿನ ಜಾಲರಿಯನ್ನು ಕಟ್ಟುತ್ತದೆ. ಈ ಭಾಗದಲ್ಲಿ ಬಡಿತದ ಕಾರಣ ಹುಡುಕುವವರು ಅದಕ್ಕೇ ಎಂಜಿನ್ನಿಗಿಂತ ಮೊದಲು ನೀರೊಳಗಿನ ಭಾಗವನ್ನು ನೋಡುವುದು ಒಳ್ಳೆಯದು.

ಮೋಟಾರಿನ ರಚನೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮೇಲಿನ ಮುಚ್ಚಳದೊಳಗೆ ಎಂಜಿನ್ ಇದೆ. ಅದರ ಕ್ರ್ಯಾಂಕ್ ಶಾಫ್ಟ್ ಬೈಕಿನಲ್ಲಿರುವಂತೆ ಅಡ್ಡವಾಗಿರದೆ ನೆಟ್ಟಗೆ ನಿಂತಿರುತ್ತದೆ. ಅದರ ತಲೆಯ ಮೇಲೆ ಫ್ಲೈವೀಲ್. ಕ್ರ್ಯಾಂಕಿನ ಬುಡದಿಂದ ಉದ್ದನೆಯ ಶಾಫ್ಟೊಂದು ಕಂಬದೊಳಗೆ ಇಳಿದು, ರಬ್ಬರ್ ಇಂಪೆಲರಿನ ನೀರು ಪಂಪನ್ನು ದಾಟಿ ಗೇರಿನ ಪೆಟ್ಟಿಗೆ ಸೇರುತ್ತದೆ. ಅಲ್ಲಿ ಚಿಕ್ಕ ಪಿನಿಯನ್ ಗೇರು ಮುಂದಕ್ಕೊಂದು, ಹಿಂದಕ್ಕೊಂದು ಎಂದು ಎರಡು ಗೇರುಗಳನ್ನು ತಿರುಗಿಸುತ್ತಿರುತ್ತದೆ. ಅವೆರಡರ ನಡುವೆ ಸರಿದಾಡುವ ಹಲ್ಲಿನ ಕ್ಲಚ್ ಯಾವುದನ್ನು ಕಚ್ಚಿಕೊಳ್ಳುತ್ತದೋ ಪ್ರೊಪೆಲರ್ ಆ ಕಡೆ ತಿರುಗುತ್ತದೆ.

ಸದ್ದು ಕೇಳಿದ ಜಾಗವೇ ಸದ್ದು ಹುಟ್ಟಿದ ಜಾಗ ಎಂದು ನಂಬುವುದು ಈ ಕೆಲಸದಲ್ಲಿ ಆಗುವ ಮೊದಲ ಎಡವಟ್ಟು. ಕಂಬವೆಲ್ಲ ಅಲ್ಯೂಮಿನಿಯಂ ಆದ್ದರಿಂದ ಗೇರಿನ ಪೆಟ್ಟಿಗೆಯ ಬಡಿತ ಮುಚ್ಚಳದ ಕೆಳಗೆ ಕೇಳಿಸುತ್ತದೆ. ಹಲಗೆಗೆ ಬಿಗಿದ ತಿರುಪು ಸಡಿಲಾದರೆ ಆ ಕುಟ್ಟುವಿಕೆ ದೋಣಿಯ ತಳದಲ್ಲೆಲ್ಲ ಹರಡಿ ಎಂಜಿನ್ನೇ ಒಡೆಯಿತೇನೋ ಎನಿಸುತ್ತದೆ. ಆದ್ದರಿಂದ ‘ಎಲ್ಲಿ’ ಎಂಬ ಪ್ರಶ್ನೆಗಿಂತ ‘ಯಾವಾಗ’ ಎಂಬ ಪ್ರಶ್ನೆಯೇ ಮೊದಲು ಬರಬೇಕು. ನ್ಯೂಟ್ರಲ್‌ನಲ್ಲಿ ಇದೆಯೇ, ಗೇರಿಗೆ ಹಾಕಿದ ಮೇಲೆ ಬರುತ್ತದೆಯೇ? ತಣ್ಣಗಿದ್ದಾಗಲೋ, ಕಾಯ್ದ ಮೇಲೋ? ಥ್ರಾಟಲ್ ಏರಿಸಿದರೆ ಹೆಚ್ಚುತ್ತದೆಯೇ, ಮಾಯವಾಗುತ್ತದೆಯೇ? ಈ ಉತ್ತರಗಳು ಸಿಗುವವರೆಗೆ ಸ್ಪ್ಯಾನರ್ ಮುಟ್ಟದಿರುವವರೇ ಒಳ್ಳೆಯ ಮಿಸ್ತ್ರಿ.

ನ್ಯೂಟ್ರಲ್‌ನಲ್ಲಿ ಪ್ರೊಪೆಲರ್ ಶಾಫ್ಟ್ ಗೇರಿನಿಂದ ಬಿಡಿಸಿಕೊಂಡಿರುತ್ತದೆ. ಆಗ ಸದ್ದಿಲ್ಲದೆ, ಗೇರಿಗೆ ಹಾಕಿದೊಡನೆ ಶುರುವಾದರೆ ದೋಷ ಬಹುಮಟ್ಟಿಗೆ ಕೆಳಗಿದೆ. ಎಣಿಕೆಯೂ ನೆರವಿಗೆ ಬರುತ್ತದೆ. ಅನೇಕ ಮೋಟಾರುಗಳಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಪ್ರೊಪೆಲರ್ ಹೆಚ್ಚುಕಡಿಮೆ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಧಾನವಾಗಿ ಓಡುತ್ತಿದ್ದರೆ ಕ್ರ್ಯಾಂಕಿನ ಬಡಿತ ಸೆಕೆಂಡಿಗೆ 13ರಷ್ಟಾಗಿ ಒಂದಕ್ಕೊಂದು ಕೂಡಿಕೊಂಡು ಕೇಳುತ್ತದೆ. ಪ್ರೊಪೆಲರಿನದು ಆರೇಳು ಮಾತ್ರ, ಬಿಡಿಬಿಡಿಯಾಗಿಯೇ ಕಿವಿಗೆ ಬೀಳುತ್ತದೆ.

ಕೆಳಭಾಗದ ತಪಾಸಣೆ ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ ಹಗ್ಗ ಕಿತ್ತು, ಸ್ಪಾರ್ಕ್ ಪ್ಲಗ್ ಬಿಚ್ಚಿದ ಮೇಲೆಯೇ ಆಗಬೇಕು. ಪ್ಲಗ್ ಇರುವ ಎಂಜಿನ್ನಿನ ಪ್ರೊಪೆಲರನ್ನು ಕೈಯಿಂದ ತಿರುಗಿಸಿ ಬೆರಳು ಕಳೆದುಕೊಳ್ಳುವುದು ಬಹಳ ಸುಲಭ. ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲರ್ ತಿರುಗಿಸಿದಾಗ ಶಾಫ್ಟಿನ ತುದಿ ಅತ್ತಿತ್ತ ತೊನೆದರೆ ಅದು ಬಾಗಿದೆ ಎಂದರ್ಥ. ಪ್ರೊಪೆಲರಿನ ಹಿಂದೆ ತಂತಿಯೋ ನೈಲಾನ್ ದಾರವೋ ಸುತ್ತಿಕೊಂಡಿದ್ದರೆ ಅದು ಎಣ್ಣೆಯ ಸೀಲನ್ನು ಕತ್ತರಿಸಿ ನೀರು ಒಳನುಗ್ಗಲು ದಾರಿ ಮಾಡಿರುತ್ತದೆ. ಗೇರೆಣ್ಣೆಯ ಕೆಳಗಿನ ತಿರುಪು ಬಿಚ್ಚಿದಾಗ ಮಜ್ಜಿಗೆಯಂಥ ಬಿಳಿ ಎಣ್ಣೆ ಇಳಿದರೆ ನೀರು ಸೇರಿರುವುದು ಖಚಿತ. ತಿರುಪಿಗೆ ಅಂಟಿದ ನುಣುಪಾದ ಕಬ್ಬಿಣದ ಪುಡಿ ಸಾಮಾನ್ಯ ಸವೆತದ್ದು, ಅಂಚುಳ್ಳ ಚೂರು ಮಾತ್ರ ಗೇರಿನ ಹಲ್ಲಿನದು. ಗೇರಿನಲ್ಲಿ ಜೋರಾಗಿ ಓಡುವಾಗ ‘ಕಟಕಟ’ ಎಂದು ಜಿಗಿದು ದೋಣಿ ಎಳೆದೆಳೆದು ಸಾಗಿದರೆ ಕ್ಲಚ್ಚಿನ ಹಲ್ಲುಗಳ ಮೂಲೆ ಸವೆದಿದೆ, ಇಲ್ಲವೇ ಗೇರಿನ ಸರಳು ಪೂರ್ತಿ ಕೂರುತ್ತಿಲ್ಲ. ಸರಳನ್ನು ಹೊಂದಿಸಿ ನೋಡುವ ಮೊದಲೇ ಪೆಟ್ಟಿಗೆ ಬಿಚ್ಚುವುದು ಅನಗತ್ಯ ಖರ್ಚು. ಗೇರನ್ನು ಅಂಜುತ್ತ ನಿಧಾನಕ್ಕೆ ಹಾಕುವ ಅಭ್ಯಾಸವೇ ಈ ಹಲ್ಲುಗಳನ್ನು ತಿನ್ನುತ್ತದೆ; ಎಂಜಿನ್ ನಿಧಾನವಿರಬೇಕು, ಗೇರು ಮಾತ್ರ ಒಂದೇ ಏಟಿಗೆ ಬೀಳಬೇಕು.

ನ್ಯೂಟ್ರಲ್‌ನಲ್ಲೂ ಬಡಿತ ಇದ್ದರೆ ಹುಡುಕಾಟ ಮೇಲಕ್ಕೆ ಹೋಗುತ್ತದೆ. ಇಲ್ಲಿ ಮೊದಲ ಶಂಕೆ ಫ್ಲೈವೀಲಿನ ಮೇಲೆ. ಓರೆಯಾದ ಕ್ರ್ಯಾಂಕ್ ತುದಿಗೆ ಅದನ್ನು ಕೂರಿಸಿ, ನಡುವೆ ಸಣ್ಣ ಕೀಲಿಟ್ಟು ನಟ್ಟಿನಿಂದ ಬಿಗಿದಿರುತ್ತಾರೆ. ನಟ್ ಸಡಿಲಾದರೆ ಥ್ರಾಟಲ್ ಏರಿಳಿಸಿದಾಗೆಲ್ಲ ಜೋರು ಬಡಿತ ಕೇಳುತ್ತದೆ. ಬೇರಿಂಗ್ ಹೋಯಿತೆಂದು ಎಂಜಿನ್ ಪೂರ್ತಿ ಬಿಚ್ಚಿದ ಮೇಲೆ ತಪ್ಪು ಈ ಒಂದು ನಟ್ಟಿನದೆಂದು ಗೊತ್ತಾಗುವುದೂ ಉಂಟು.

ಮುಂದಿನದು ಕಿವಿಯ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿಗೊಟ್ಟು ಕೇಳುವ ಪದ್ಧತಿ ಪಂಪ್‌ಸೆಟ್ ರಿಪೇರಿ ಮಾಡುವವರಿಗೆಲ್ಲ ಗೊತ್ತು. ಫ್ಲೈವೀಲ್ ತೆರೆದೇ ತಿರುಗುತ್ತಿರುವುದರಿಂದ ತಲೆಗೂದಲು, ಅಂಗಿಯ ತೋಳಿನ ಮೇಲೆ ಎಚ್ಚರ ಬೇಕು. ತಣ್ಣಗಿರುವಾಗ ಟೊಳ್ಳಾಗಿ ಕೇಳಿ ಕಾಯ್ದ ಮೇಲೆ ತಗ್ಗುವುದು ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಅತ್ತಿತ್ತ ಬಡಿಯುವ ಸದ್ದು. ಚೂಪಾದ ಜೋಡಿ ಟಕಟಕ ಪಿಸ್ಟನ್ ಪಿನ್ನಿನದು. ಭಾರ ಬಿದ್ದಷ್ಟೂ ಆಳವಾಗುವ ಮಂದ ಗುದ್ದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗಿನದು, ಎಲ್ಲಕ್ಕಿಂತ ಕೆಟ್ಟದ್ದು. ಒಂದೊಂದೇ ಸಿಲಿಂಡರಿನ ಕಿಡಿ ತಪ್ಪಿಸಿ ನೋಡಿದಾಗ ಯಾವುದರ ಸರದಿಯಲ್ಲಿ ಸದ್ದು ಕುಗ್ಗುತ್ತದೋ ದೋಷ ಅದರಲ್ಲಿದೆ. ಆದರೆ ಪ್ಲಗ್ಗಿನ ತಂತಿಯನ್ನು ಗಾಳಿಯಲ್ಲಿ ತೂಗಬಿಡದೆ ಎಂಜಿನ್ನಿನ ಲೋಹಕ್ಕೆ ತಾಗಿಸಿಡಬೇಕು, ಇಲ್ಲದಿದ್ದರೆ ಕಾಯಿಲ್ ಸುಡಬಹುದು.

ಪಂಪ್‌ಸೆಟ್ ಅನುಭವ ಒಂದು ಕಡೆ ದಾರಿ ತಪ್ಪಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಒಂದಿಷ್ಟು ಬಡಿತ ಸಹಜ. ಪೆಟ್ರೋಲ್ ಎಂಜಿನ್ನಿಗೆ ಅಲ್ಲ. ಪಂಪ್‌ಸೆಟ್ಟಿನ ತಳದಲ್ಲಿ ಎಣ್ಣೆ ತುಂಬಿರುತ್ತದೆ, ಕಡ್ಡಿ ಅದ್ದಿ ನೋಡಬಹುದು. ಎರಡು ಸ್ಟ್ರೋಕಿನ ದೋಣಿ ಮೋಟಾರಿನಲ್ಲಿ ಅಂಥ ಎಣ್ಣೆಯೇ ಇಲ್ಲ. ಹಳೆಯ ಮಾದರಿಗಳಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದರ ಬೇರಿಂಗುಗಳ ಏಕೈಕ ಆಧಾರ. ಅನೇಕ ಮೋಟಾರುಗಳಿಗೆ 50ಕ್ಕೆ 1ರ ಪ್ರಮಾಣ, ಅಂದರೆ ಲೀಟರಿಗೆ 20 ಮಿ.ಲೀ. ಅವಸರದಲ್ಲಿ ಬರಿ ಪೆಟ್ರೋಲ್ ಸುರಿದರೆ ಬೇರಿಂಗ್ ಬೇಗನೆ ಬಡಿಯತೊಡಗುತ್ತದೆ. ಬೈಕಿನ 2ಟಿ ಎಣ್ಣೆಯೂ ಇದಕ್ಕೆ ತಕ್ಕುದಲ್ಲ. ನೀರಿನಿಂದ ತಂಪಾಗುವ ಮೋಟಾರಿಗೆ ಬೂದಿ ಉಳಿಸದ ಟಿಸಿ-ಡಬ್ಲ್ಯೂ3 ದರ್ಜೆಯ ಎಣ್ಣೆ ಬೇಕು.

ಯಾವ ಭಾಗವೂ ಸವೆಯದೆ ಬರುವ ಬಡಿತವೂ ಒಂದಿದೆ. ಕಿಡಿಯಿಂದ ಹೊತ್ತಿದ ಜ್ವಾಲೆ ಪೂರ್ತಿ ಹರಡುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸಿಡಿದಾಗ, ಭಾರದಲ್ಲಿ ಓಡುವ ಎಂಜಿನ್ ಮೊಳೆ ಅಲ್ಲಾಡಿಸಿದಂತೆ ಕಿಣಿಕಿಣಿ ಎನ್ನುತ್ತದೆ. ಕಟ್ಟಿದ ಕಾರ್ಬೊರೇಟರ್, ಇಂಗಾಲ ಹತ್ತಿದ ಪಿಸ್ಟನ್, ಮಣ್ಣು ಸಿಕ್ಕಿ ಅತಿಯಾಗಿ ಕಾಯ್ದ ಎಂಜಿನ್, ಹಳಸಿದ ಪೆಟ್ರೋಲ್, ಇವು ಕಾರಣಗಳು. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ಡಬ್ಬಿಯ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಕಡಿಮೆಯಾಗಿರುತ್ತದೆ. ಹಿಂದಿನ ಮಳೆಗಾಲದ ಡಬ್ಬಿಯನ್ನು ಈ ಮಳೆಗಾಲದಲ್ಲಿ ಬಳಸುವುದು ಇದಕ್ಕೇ ಅಪಾಯ.

ನೆರೆ ಪ್ರದೇಶದ ಮೋಟಾರುಗಳನ್ನು ಓಟಕ್ಕಿಂತ ಹೆಚ್ಚಾಗಿ ಕೆಡಿಸುವುದು ಬಿಡುವು. ವರ್ಷದ ಬಹುಪಾಲು ಮೂಲೆಯಲ್ಲಿ ನಿಂತಾಗ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟುಗಟ್ಟುತ್ತದೆ, ಇಂಪೆಲರಿನ ರೆಕ್ಕೆಗಳು ಬಾಗಿದಲ್ಲೇ ಗಡುಸಾಗುತ್ತವೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮೋಟಾರನ್ನು ಒಳಗಿಡುವ ಮುನ್ನ ಕಾರ್ಬೊರೇಟರ್ ಬರಿದುಮಾಡಿ, ಗೇರೆಣ್ಣೆ ಬದಲಿಸಬೇಕು. ಬೇಸಿಗೆಯಲ್ಲಿ ಆಗಾಗ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಇಂಪೆಲರ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಹಿಂಬದಿಯಿಂದ ನೀರಿನ ಎಳೆ ಸರಿಯಾಗಿ ಚಿಮ್ಮುತ್ತಿದೆಯೇ, ಹೊಸ ಸದ್ದೇನಾದರೂ ಸೇರಿದೆಯೇ ಎಂಬುದು ಆಗಲೇ ತಿಳಿಯುತ್ತದೆ. ಇಂಪೆಲರ್, ಪ್ಲಗ್, ಪ್ರೊಪೆಲರಿನ ನಟ್ಟು ಮತ್ತು ಪಿನ್ನು, ಸ್ಟಾರ್ಟರ್ ಹಗ್ಗ, ಇಷ್ಟನ್ನು ಮೇ ತಿಂಗಳು ಮುಗಿಯುವುದರೊಳಗೆ ಪೆಟ್ಟಿಗೆಯಲ್ಲಿ ತಂದಿಟ್ಟುಕೊಳ್ಳಬೇಕು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಇವು ಸಿಗುವುದಿಲ್ಲ, ಹಿಡಕಲ್‌ನಿಂದ ನೀರು ಬಿಟ್ಟ ದಿನ ತರಿಸಲು ಸಮಯವೂ ಇರುವುದಿಲ್ಲ.