ಗಣಕಕ್ಕೂ ಇರಲಿ ಒಂದು ಪಡಿಯಚ್ಚು

ಮಲೆನಾಡಿನಲ್ಲಿ ಮಳೆಗಾಲವೆಂದರೆ ಕರೆಂಟು ಕೈಕೊಡುವ ಕಾಲ. ಸಿಗಂದೂರು ಸುತ್ತಲಿನ ಹಿನ್ನೀರಿನ ಊರುಗಳಿಂದ ಹೊಸನಗರ, ತೀರ್ಥಹಳ್ಳಿಯವರೆಗೆ ಇದೇ ಪಾಡು. ಕಂಪ್ಯೂಟರು ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಕೆಡಬಹುದು. ಸಿಡಿಲು ಬಡಿದರೆ ಯಂತ್ರವೇ ಸುಟ್ಟೀತು. ಹೊಸ ಯಂತ್ರವನ್ನು ಅಂಗಡಿಯಿಂದ ತರಬಹುದು. ಮಗ ಅಥವಾ ಮಗಳ ಆರು ತಿಂಗಳ ಪ್ರಾಜೆಕ್ಟ್ ಕೆಲಸವನ್ನು ತರಲಾಗದು.

ಲಿನಕ್ಸ್ ಬಳಸುವವರಿಗೆ ಇಲ್ಲೊಂದು ಅನುಕೂಲವಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ಬರೆಯತೊಡಗಿದರು. ಇಂದು ಡೆಬಿಯನ್, ಉಬುಂಟುವಿನಂಥ ಆವೃತ್ತಿಗಳನ್ನು ಶುಲ್ಕ ತೆರದೆ ಎಷ್ಟು ಯಂತ್ರಗಳಿಗಾದರೂ ನಕಲಿಸಬಹುದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲೇ.

ಎರಡು ದಾರಿ

ನಕಲಿಗೆ ಎರಡು ದಾರಿಗಳಿವೆ. ಮೊದಲನೆಯದು ಇಡೀ ಡಿಸ್ಕಿನ ಪಡಿಯಚ್ಚು. ಪೆನ್ ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ, ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಇದನ್ನು ಮಾಡಬಹುದು. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. 'ಡಿಡಿ' ಎಂಬ ಹಳೆಯ ಆದೇಶವೂ ಇದೇ ಕೆಲಸ ಮಾಡುತ್ತದೆ. ಆದರೆ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಇದ್ದದ್ದೂ ಅಳಿಸಿಹೋಗುತ್ತದೆ!

ಎರಡನೆಯದು ಕಡತಗಳ ನಕಲು. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ 'ಆರ್‌ಸಿಂಕ್' ಮೊದಲ ಸಲ ಎಲ್ಲವನ್ನೂ, ಆಮೇಲೆ ಬದಲಾದದ್ದನ್ನು ಮಾತ್ರ ಸಾಗಿಸುತ್ತದೆ. ನಿತ್ಯದ ಬ್ಯಾಕಪ್‌ಗೆ ಇದೇ ಸೂಕ್ತ.

ಹೊಸ ಯಂತ್ರದಲ್ಲಿ

ಆರ್‌ಸಿಂಕ್‌ನಿಂದ ಇಡೀ ವ್ಯವಸ್ಥೆಯನ್ನು ಬೇರೆ ಯಂತ್ರಕ್ಕೆ ಒಯ್ದರೆ ಅಲ್ಲಿನ ಡಿಸ್ಕ್ ವಿಭಾಗಗಳ ಗುರುತು ಸಂಖ್ಯೆ ಬೇರೆಯೇ ಇರುತ್ತದೆ. ಅದನ್ನು 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ತಿದ್ದಿ, ಯಂತ್ರವನ್ನು ಎಬ್ಬಿಸುವ 'ಗ್ರಬ್' ಅನ್ನು ಮತ್ತೆ ಸ್ಥಾಪಿಸಬೇಕು. ಯಾವ ದಾರಿಯಲ್ಲಿ ನಕಲಿಸಿದರೂ ಯಂತ್ರದ ಹೆಸರು, ಅದರ ಗುರುತು, ಭದ್ರತಾ ಕೀಲಿಗಳನ್ನು ಬದಲಿಸಬೇಕು. ಒಂದೇ ಜಾಲದಲ್ಲಿ ಒಂದೇ ಗುರುತಿನ ಇಬ್ಬರಿದ್ದರೆ ಗೊಂದಲ ತಪ್ಪದು.

ಪರೀಕ್ಷೆಯೇ ಪ್ರಮಾಣ

ನಕಲು ಇದೆಯೆಂದು ನೆಮ್ಮದಿಯಿಂದಿರುವುದೇ ದೊಡ್ಡ ಅಪಾಯ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ದತ್ತಸಂಚಯ ಕಣ್ತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್‌ನ ಐದು ವ್ಯವಸ್ಥೆಗಳಿದ್ದರೂ ಯಾವುದೂ ಸರಿಯಾಗಿ ಒದಗಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದ ಪ್ರತಿಯೊಂದು ಸಂಸ್ಥೆಯನ್ನು ಉಳಿಸಿತು. ನಡುವಿನ ಆರು ಗಂಟೆಗಳ ಮಾಹಿತಿ ಹೋಯಿತು.

ಪ್ರತಿ ಅದೇ ಮನೆಯಲ್ಲಿದ್ದರೂ ಸಾಲದು. ಒಂದೇ ಕಡೆ ಇದ್ದದ್ದು ಒಟ್ಟಿಗೇ ಮುಳುಗುತ್ತದೆಂಬುದನ್ನು 1964ರ ಲಿಂಗನಮಕ್ಕಿ ಜಲಾಶಯ ಕಂಡ ಶರಾವತಿ ಕಣಿವೆಗೆ ಹೇಳಿಕೊಡಬೇಕಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಾಗಿಲ್ಲ. ಒಂದು ಡಿಸ್ಕ್ ಆಚೆ ದಡದ ನೆಂಟರ ಮನೆಯಲ್ಲಿರಲಿ. ರಜೆಯಲ್ಲೊಂದು ದಿನ ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ, ಪ್ರಾಜೆಕ್ಟ್ ತೆರೆಯುತ್ತದೆಯೇ ಎಂದು ಪಾಲಕರೂ ಮಕ್ಕಳೂ ಕೂಡಿ ನೋಡಲಿ. ತೆರೆದರೆ ಮಾತ್ರ ಅದು ಬ್ಯಾಕಪ್.