ಕೇಳದೆ ಬಂದ ಕಾಸು, ಬೇಡಿ ತಂದ ಕಾಳು

ಬಿ.ಎಲ್. ರೈಸ್ ಬರೆದ ಮೈಸೂರು ಗ್ಯಾಜೆಟಿಯರಿನಲ್ಲಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಎರಡು ಊರುಗಳು ಒಂದು ಅನಿರೀಕ್ಷಿತ ಜಾಗದಲ್ಲಿ ಸಿಗುತ್ತವೆ. ವೆಲ್ಲೂರಿನ ಕಡೆಯಿಂದ 1702ರಲ್ಲಿ ಬಂದ ಬೂಶೆ ಮತ್ತು ಮೋದ್ವಿ ಎಂಬ ಇಬ್ಬರು ಜೆಸ್ವಿಟ್ ಪಾದ್ರಿಗಳು ತೆಲುಗು ಮಿಷನ್ ಆರಂಭಿಸಿದರು. ಬೆಂಗಳೂರು, ಚಿಕ್ಕಬಳ್ಳಾಪುರಗಳ ಜೊತೆ ದೇವನಹಳ್ಳಿ ಮತ್ತು ಹೊಸಕೋಟೆಯಲ್ಲೂ ಪುಟ್ಟ ಪ್ರಾರ್ಥನಾಲಯಗಳು ಎದ್ದವು. ಈ ಪರಂಪರೆಯ ಪಾದ್ರಿಗಳು ಸನ್ಯಾಸಿಗಳ ಹಾಗೆ ಕಾವಿ ಉಟ್ಟರು, ಮಾಂಸ ಬಿಟ್ಟರು. ವೇಷವೇನೋ ಇಲ್ಲಿಯದಾಯಿತು. ಖರ್ಚಿನ ಹಣ ಮಾತ್ರ ಫ್ರಾನ್ಸಿನಿಂದ ಪುದುಚೇರಿಗೆ ಹಡಗಿನಲ್ಲಿ ಬರಬೇಕಿತ್ತು. 1761ರಲ್ಲಿ ಪುದುಚೇರಿ ಬ್ರಿಟಿಷರ ಕೈಗೆ ಬಿತ್ತು. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದರು. ಹೊಸಕೋಟೆಯ ಭಕ್ತರಿಗೂ ಯುರೋಪಿನ ರಾಜಕೀಯಕ್ಕೂ ಏನೇನೂ ಸಂಬಂಧವಿರಲಿಲ್ಲ. ಆದರೂ ಪೆಟ್ಟು ಬಿದ್ದದ್ದು ಅವರ ಮೇಲೆ.

ದೇವರ ಕೆಲಸಕ್ಕೆ ದುಡ್ಡು ಎಲ್ಲಿಂದ ಬರಬೇಕು, ಯಾರನ್ನು ಕೇಳಬೇಕು, ಕೇಳಲೇಬೇಕೆ? ಮುಂದಿನ ಶತಮಾನದಲ್ಲಿ ಈ ಪ್ರಶ್ನೆಗೆ ತೀರ ವಿಚಿತ್ರವಾದ ಉತ್ತರ ಕೊಟ್ಟವನು ಬ್ರಿಸ್ಟಲ್‌ನಲ್ಲಿದ್ದ ಜಾರ್ಜ್ ಮುಲ್ಲರ್. ಪ್ರಶ್ಯದಲ್ಲಿ ಹುಟ್ಟಿದ ಈತ 1830ರಲ್ಲೇ ಸಂಬಳ ಬೇಡವೆಂದ. 1836ರಲ್ಲಿ ಅನಾಥಾಲಯ ತೆರೆದ. ಅದು ಬೆಳೆದು ಸುಮಾರು 2,000 ಮಕ್ಕಳನ್ನು ಸಾಕುವಷ್ಟು ದೊಡ್ಡದಾಯಿತು. ಆತನ ನೇಮ ಒಂದೇ: ಯಾವ ಮನುಷ್ಯನ ಮುಂದೆಯೂ ಕೈಯೊಡ್ಡಬಾರದು, ಬೇಕಾದದ್ದನ್ನು ದೇವರನ್ನಷ್ಟೇ ಕೇಳಬೇಕು. ಹಾಗೆಂದು ಲೆಕ್ಕ ಮುಚ್ಚಿಡಲಿಲ್ಲ. ಯಾವ ದಿನ ಎಷ್ಟು ಶಿಲ್ಲಿಂಗ್ ಬಂತು, ಯಾವ ಬೆಳಿಗ್ಗೆ ಹಾಲಿಗೆ ಕಾಸಿರಲಿಲ್ಲ ಎಂಬುದನ್ನೆಲ್ಲ ಬರೆದು ಅಚ್ಚು ಹಾಕಿಸಿ ಹಂಚುತ್ತಿದ್ದ. ಇದೂ ಒಂದು ಬಗೆಯ ಬೇಡಿಕೆಯೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಮುಲ್ಲರನಿಗೂ ಆ ಅಳುಕಿತ್ತು. 1841ರ ಕೊನೆಗೆ ಕೈ ತೀರ ಖಾಲಿಯಾದಾಗ, ವರದಿ ಹೊರಬಂದರೆ ಬೇಡಿದಂತೆ ಕಂಡೀತೆಂದು ಅದನ್ನೇ ಮುಂದೂಡಿದ. ಇಂಥ ಹಟಮಾರಿ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ, ಪೂರ್ತಿ ಒಪ್ಪಲಾರೆನಾದರೂ.

ಮುಲ್ಲರನ ಹೆಂಡತಿಯ ಅಣ್ಣ ಆಂಟನಿ ನಾರಿಸ್ ಗ್ರೋವ್ಸ್ ಈ ನಂಬಿಕೆಯನ್ನು ಕಟ್ಟಿಕೊಂಡು ನಮ್ಮ ನೆರೆಗೇ ಬಂದ. ಇಂಗ್ಲೆಂಡಿನಲ್ಲಿ ಒಳ್ಳೆಯ ಸಂಪಾದನೆಯ ದಂತವೈದ್ಯನಾಗಿದ್ದವನು ಎಲ್ಲ ಬಿಟ್ಟು ಬಾಗ್ದಾದಿಗೆ ಹೋಗಿ, 1833ರಲ್ಲಿ ಭಾರತಕ್ಕೆ ಬಂದು, ಕೊನೆಗೆ ನೆಲೆ ನಿಂತದ್ದು ಕೋಲಾರದ ಗಡಿಯಾಚೆಯ ಚಿತ್ತೂರಿನಲ್ಲಿ. ಮಿಷನ್ ತನ್ನ ಅನ್ನ ತಾನೇ ದುಡಿಯಲೆಂದು ರೇಷ್ಮೆಗೆ ಕೈಹಾಕಿ ಸಾಲದಲ್ಲಿ ಸಿಕ್ಕಿಕೊಂಡ. ಶಿಡ್ಲಘಟ್ಟದಲ್ಲೋ ವಿಜಯಪುರದಲ್ಲೋ ಹುಳು ಮೇಯಿಸುವ ಯಾವ ರೈತನನ್ನು ಕೇಳಿದ್ದರೂ ರೇಷ್ಮೆ ಭಕ್ತಿಯ ಮುಖ ನೋಡುವುದಿಲ್ಲವೆಂದು ಹೇಳುತ್ತಿದ್ದ.

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಈ ವಿಷಯದಲ್ಲಿ ಪಕ್ಕಾ ವ್ಯವಹಾರಸ್ಥರದು. ಅತ್ತ ಯುರೋಪಿನಲ್ಲಿ ಬಡ ಬೆಂಬಲಿಗರಿಂದ ವಾರಕ್ಕೊಂದು ಚಿಲ್ಲರೆ ಕಾಸಿನ ವಂತಿಗೆ. ಇತ್ತ ನೇಯ್ಗೆ, ಅಚ್ಚುಕೂಟ, 1865ರಿಂದ ಹೆಂಚಿನ ಕಾರ್ಖಾನೆ. ಅದರ ಕಥೆ ಎಲ್ಲರಿಗೂ ಗೊತ್ತಿರುವುದೇ.

ಬೆಂಗಳೂರಿಗೆ 1874ರಲ್ಲಿ ಬಂದ ವಿಲಿಯಂ ಟೇಲರ್ ಬೇರೆಯದೇ ಮನುಷ್ಯ. ಕ್ಯಾಲಿಫೋರ್ನಿಯದ ಚಿನ್ನದ ಹುಚ್ಚಿನ ದಿನಗಳಲ್ಲಿ ಬೀದಿಯಲ್ಲಿ ನಿಂತು ಬೋಧಿಸಿದವನು. ತನ್ನ ಖರ್ಚನ್ನು ತಾನು ಬರೆದ ಪುಸ್ತಕ ಮಾರಿ ತೂಗಿಸುತ್ತಿದ್ದ. ಮಿಷನ್ ಸೊಸೈಟಿಯ ಹಣ ಬೇಡ, ಸಭೆ ತನ್ನ ಪಾದ್ರಿಯನ್ನು ತಾನೇ ಸಾಕಲಿ ಎಂಬುದು ಆತನ ಪಟ್ಟು. ದಂಡು ಪ್ರದೇಶದಲ್ಲಿ ಮೆಥಡಿಸ್ಟ್ ಸಭೆಗಳು ಹುಟ್ಟಿದ್ದು ಹೀಗೆ. ಆದರೆ ಇದಕ್ಕೊಂದು ಒಳಲೆಕ್ಕವಿದೆ. ತಿಂಗಳಿಗಿಷ್ಟು ಎಂದು ಕೊಡಬಲ್ಲವರು ದಂಡಿನ ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು. ಹಾಗಾಗಿ ಸೇವೆಯೂ ಬಹುಪಾಲು ಇಂಗ್ಲಿಷಿನ ಸುತ್ತ ನಿಂತಿತು. ರಾಗಿ ಬೆಳೆಯುವವನ ಹತ್ತಿರ ತಿಂಗಳ ಚಂದಾ ಎಲ್ಲಿರುತ್ತದೆ?

ಆ ರಾಗಿಯೂ ಇಲ್ಲದ ಕಾಲ ಎರಡೇ ವರ್ಷದಲ್ಲಿ ಬಂತು. ಹಿರಿಯರು ಧಾತು ಈಶ್ವರದ ಬರವೆಂದು ಸಂವತ್ಸರದ ಹೆಸರಲ್ಲೇ ನೆನೆಯುತ್ತಿದ್ದ 1876–78ರ ಮಹಾಕ್ಷಾಮ ಅದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50.55 ಲಕ್ಷ ಜನರಿದ್ದರು; 1881ರಲ್ಲಿ ಉಳಿದದ್ದು 41.86 ಲಕ್ಷ. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟು ಪೂರ್ವದ ಬಯಲುಸೀಮೆ ಬರಿದಾಯಿತು. ಊರಿಗೆ ಊರೇ ಗಂಜಿ ಕೇಂದ್ರಗಳತ್ತ ನಡೆಯಿತು. ಅಪ್ಪ ಅಮ್ಮ ದಾರಿಯಲ್ಲೇ ಸತ್ತು ಮಕ್ಕಳು ಉಳಿದರು. ಹುಟ್ಟಿಸಿದ ದೇವರು ಹುಲ್ಲು ಮೇಯಿಸನು ಎನ್ನುವ ನಮ್ಮ ಗಾದೆ ಆ ಎರಡು ವರ್ಷ ಯಾರ ಬಾಯಲ್ಲಾದರೂ ಬಂದಿದ್ದೀತೆಂದು ನನಗನ್ನಿಸುವುದಿಲ್ಲ. ಹುಲ್ಲೂ ಇರಲಿಲ್ಲ.

ಹೊಸಕೋಟೆ ದಾಟಿ ಪೂರ್ವಕ್ಕೆ ಹೋಗುವ ದಾರಿಯಲ್ಲಿ, ಕೋಲಾರದಲ್ಲಿ, ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಈ ಕ್ಷಾಮದ ಅನಾಥರನ್ನು ಸೇರಿಸಿಕೊಂಡರು. ಆಕೆಯ ಬೆನ್ನಿಗೆ ದೊಡ್ಡ ಸಂಸ್ಥೆಯ ಖಜಾನೆ ಇರಲಿಲ್ಲ. ಮುಲ್ಲರನ ದಾರಿಯಲ್ಲೇ, ನಂಬಿಕೆಯ ಮೇಲೆ ನಡೆದ ಮಿಷನ್ ಅದು: ಪ್ರಾರ್ಥನೆ, ಮತ್ತು ಸಮುದ್ರದಾಚೆ ಸುದ್ದಿ ತಿಳಿದವರು ತಾವಾಗಿ ಕಳಿಸುವ ಕಾಣಿಕೆ. ಹಸಿದ ಮಗುವಿಗೆ ಗಂಜಿ ಹಾಕುವುದು ಒಂದು ಬಗೆಯ ಕಷ್ಟ. ಬರ ಮುಗಿದ ಮೇಲಿನದು ಇನ್ನೊಂದು ಬಗೆ. ಮಕ್ಕಳು ದೊಡ್ಡವರಾಗುತ್ತಾರೆ; ಕಸುಬು ಬೇಕು, ಮದುವೆಯಾಗಬೇಕು, ಮನೆಗೆ ಜಾಗ, ಉಳಲು ಹೊಲ ಬೇಕು. ಬರದ ಸುದ್ದಿ ಲಂಡನ್ನಿನ ಪತ್ರಿಕೆಗಳಲ್ಲಿ ಇರುವಷ್ಟು ದಿನ ಜನರ ಕರುಣೆಯೂ ಇರುತ್ತದೆ. ಸುದ್ದಿ ಹಳತಾದ ಮೇಲೂ ರಾಗಿ ಬೀಸಬೇಕು.

1890ರಲ್ಲಿ ಆನ್‌ಸ್ಟಿ ಇಡೀ ಕೋಲಾರ ಮಿಷನ್ನನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿಗೆ ವಹಿಸಿಕೊಟ್ಟರು. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಒಬ್ಬ ಮಹಿಳೆಯ ನಂಬಿಕೆ ಹದಿಮೂರು ಚಿಲ್ಲರೆ ವರ್ಷ ಹೊತ್ತ ಭಾರವನ್ನು ಹಲವರು ಹಂಚಿಕೊಂಡರು, ಅಷ್ಟೆ. ಹೊತ್ತವರಲ್ಲಿ ಅಮೆರಿಕದ ಹೆಂಗಸರೂ ಇದ್ದರು. 1869ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಮೆಥಡಿಸ್ಟ್ ಮಹಿಳಾ ವಿದೇಶ ಮಿಷನ್ ಸಂಘದ ಸದಸ್ಯತ್ವಕ್ಕೆ ವಾರಕ್ಕೆ ಎರಡು ಸೆಂಟ್ ಮತ್ತು ಒಂದು ಪ್ರಾರ್ಥನೆ. ಗಂಡಸರ ಸಂಘಗಳಿಗೆ ಹೋಗುವ ಕಾಣಿಕೆಗೆ ಕತ್ತರಿ ಹಾಕದೆ, ಅಡುಗೆಮನೆಯ ಉಳಿತಾಯದಿಂದ ಹೊರಟ ಕಾಸು ಅದು. ಕೋಲಾರದಲ್ಲಿ 1910ರಲ್ಲಿ ತೆರೆದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯ ಹಿಂದೆ ಇಂಥ ಮಹಿಳೆಯರ ಸಂಗ್ರಹವಿದೆ. ಇ.ಟಿ.ಸಿ.ಎಂ. ಎಂದರೆ ಇವತ್ತಿಗೂ ಆ ಕಡೆಯವರಿಗೆ ಗೊತ್ತು.

ಹೊಸಕೋಟೆ ಬಿಟ್ಟು ಜಿಲ್ಲೆಯ ಇನ್ನೊಂದು ಬಾಗಿಲಿಗೆ, ನೆಲಮಂಗಲದ ಕಡೆಗೆ ಬಂದರೆ ಲೆಕ್ಕ ತಿರುಗಿ ನಿಲ್ಲುತ್ತದೆ. ಅಲ್ಲಿಂದ ತುಮಕೂರು ರಸ್ತೆಯಲ್ಲಿ ಮುಂದೆ ಸಿದ್ಧಗಂಗೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತಾಗ ಅಲ್ಲಿ ಐಶ್ವರ್ಯವೇನೂ ಇರಲಿಲ್ಲ, ಉಣ್ಣುವ ಹುಡುಗರಿದ್ದರು. ಸ್ವಾಮಿಗಳು ಎತ್ತಿನ ಗಾಡಿ ಕಟ್ಟಿಸಿ ಊರೂರು ತಿರುಗಿದರು, ಜೋಳಿಗೆ ಒಡ್ಡಿದರು, ಸೇರು ರಾಗಿ ಹಾಕಿದವರ ಮನೆಯನ್ನೂ ನೆನಪಿಟ್ಟರು. 2019ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿ ಮತ ಕೇಳದೆ ಉಣ್ಣುತ್ತಿದ್ದರು.

ಬ್ರಿಸ್ಟಲ್‌ನಲ್ಲಿ ಮನುಷ್ಯರನ್ನು ಕೇಳದಿರುವುದೇ ದೇವರ ಮೇಲಿನ ಭರವಸೆ. ನಮ್ಮ ಕಡೆ ಕೇಳುವುದೇ ಭರವಸೆ. ಜಂಗಮ, ದಾಸ, ಫಕೀರ, ಯಾರೂ ಬಾಗಿಲಲ್ಲಿ ಕೂಗಲು ನಾಚಿದವರಲ್ಲ. ಕೊಡುವವನ ಕೈಯಲ್ಲೇ ದೇವರಿದ್ದಾನೆಂದ ಮೇಲೆ ನಾಚಿಕೆ ಏತಕ್ಕೆ? ಮುಲ್ಲರನ ಮೌನ, ಕಾಸಿಲ್ಲದ ಪಾದ್ರಿ ಹಣವಂತರ ಮರ್ಜಿಗೆ ಬೀಳಬಾರದೆಂಬ ಎಚ್ಚರದಿಂದ ಹುಟ್ಟಿದ್ದು. ಜೋಳಿಗೆಗೂ ಆ ಎಚ್ಚರವಿದೆ, ಅದರ ದಾರಿ ಮಾತ್ರ ಬೇರೆ: ಒಬ್ಬ ಸಾಹುಕಾರನ ಚೀಲಕ್ಕಿಂತ ಸಾವಿರ ಮನೆಯ ಹಿಡಿಯನ್ನು ಅದು ನೆಚ್ಚುತ್ತದೆ. ಎರಡರಲ್ಲೂ ಕಳ್ಳರು ನುಸುಳಿದ್ದಾರೆ. ದೇವರು ಒದಗಿಸುತ್ತಾನೆಂದು ಹೇಳಿ ಲೆಕ್ಕ ಕೊಡದವರನ್ನು ನಾವು ಎಲ್ಲ ಧರ್ಮದಲ್ಲೂ ಕಂಡಿದ್ದೇವೆ. ಮುಲ್ಲರ್ ಚಿಲ್ಲರೆ ಕಾಸನ್ನೂ ಅಚ್ಚು ಹಾಕಿಸಿದ್ದ ಎಂಬುದನ್ನು ಅವರಿಗೆ ನೆನಪಿಸಬೇಕು.

ಈಗ ವಿದೇಶದ ಹಣ ಸುಲಭವಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತಕ್ಕೆ ನೂರಕ್ಕೆ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಆದರೆ ಹಳ್ಳಿಯ ಕ್ರೈಸ್ತ ಸಭೆಗಳು ಮೊದಲಿನಿಂದಲೂ ನೆಚ್ಚಿಕೊಂಡದ್ದು ದಶಮಾಂಶವನ್ನು, ಕಾಣಿಕೆಯನ್ನು, ಸುಗ್ಗಿ ಹಬ್ಬದ ಹರಾಜನ್ನು. ಹರಾಜಿನ ದಿನ ಕೋಳಿ, ಕುಂಬಳ, ಬಾಳೆಗೊನೆ, ರಾಗಿ ಮೂಟೆ ಸಾಲಾಗಿ ಬರುತ್ತವೆ. ಸಂತೆಯಲ್ಲಿ ಮೂವತ್ತಕ್ಕೆ ಸಿಗುವ ಕುಂಬಳಕ್ಕೆ ಮುನ್ನೂರು ಕೂಗಿದವನು ಅದನ್ನು ಮನೆಗೆ ಒಯ್ಯದೆ ಮತ್ತೆ ಹರಾಜಿಗೇ ಬಿಡುವುದುಂಟು. ಮುಂದಿನವನು ಅವನ ಮೇಲಿನ ಪಂತಕ್ಕೆ ನಾನೂರು ಕೂಗುತ್ತಾನೆ.